ಕಳೆ ಯಂತ್ರ ಹಿಡಿಯುವವರ ಕಿವಿಗೆ ಎಲೆಕ್ಟ್ರಾನಿಕ್ ಇಯರ್‌ಮಫ್: ದುಡ್ಡು ಹಾಕುವ ಮುಂಚೆ ಇಷ್ಟು ನೋಡಿ

ಆನ್‌ಲೈನ್ ಅಂಗಡಿಯಲ್ಲಿ ‘ಎಲೆಕ್ಟ್ರಾನಿಕ್ ಇಯರ್‌ಮಫ್’ ಅಂತ ಹುಡುಕಿ ನೋಡಿ. ಬಂದೂಕು ಹಿಡಿದು, ಮಿಲಿಟರಿ ಬಣ್ಣದ ಬಟ್ಟೆ ತೊಟ್ಟು ನಿಂತವರ ಫೋಟೋಗಳು ಸಾಲಾಗಿ ಬರುತ್ತವೆ. ಕಳೆ ಯಂತ್ರ ಹೆಗಲಿಗೆ ಹಾಕಿಕೊಂಡ ಒಬ್ಬ ರೈತನ ಫೋಟೋ ಹುಡುಕಿದರೂ ಸಿಗೋದು ಕಷ್ಟ. ಈ ಸಾಧನಕ್ಕೆ ದೊಡ್ಡ ಗಿರಾಕಿಗಳು ಹೊರದೇಶದ ಬೇಟೆಗಾರರು, ಗುರಿ ಹೊಡೆಯುವವರು, ಏರ್‌ಸಾಫ್ಟ್ ಆಡುವವರು. ಏರ್‌ಸಾಫ್ಟ್ ಅಂದರೆ 6 ಮಿಲಿಮೀಟರ್ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕು ಹಿಡಿದು ಕಾಡಿನಲ್ಲೋ, ಪಾಳು ಕಟ್ಟಡದಲ್ಲೋ ಎರಡು ಗುಂಪಾಗಿ ಆಡುವ ಯುದ್ಧದಾಟ.

ಇದನ್ನ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಆಟದವರಿಗೆ ಬೇಕಾದ್ದು ನಮಗೆ ಬೇಕಾದ್ದಕ್ಕೆ ಹೆಚ್ಚುಕಡಿಮೆ ಉಲ್ಟಾ. ಬ್ಯಾಟರಿಯಲ್ಲಿ ಓಡುವ ಏರ್‌ಸಾಫ್ಟ್ ಬಂದೂಕು ಕಿವಿ ಕೆಡಿಸುವಷ್ಟು ಜೋರಾಗಿ ಸದ್ದು ಮಾಡಲ್ಲ. ಅವರಿಗೆ ಎದುರಾಳಿಯ ಹೆಜ್ಜೆ ಸಪ್ಪಳ, ತರಗೆಲೆ ಸದ್ದು ದೊಡ್ಡದಾಗಿ ಕೇಳಬೇಕು, ವಾಕಿಟಾಕಿ ಸೇರಿಸೋಕೆ ಬರಬೇಕು, ನೋಡೋಕೆ ಸೈನಿಕರ ಹೆಡ್‌ಸೆಟ್ ಥರಾ ಇರಬೇಕು. ಆದ್ದರಿಂದ ಆ ಮಾರುಕಟ್ಟೆಯಲ್ಲಿ ನಕಲು ಹೆಡ್‌ಸೆಟ್‌ಗಳು ಬೇಕಾದಷ್ಟಿವೆ: ಹೊರಗಿನಿಂದ ಥೇಟ್ ಮಿಲಿಟರಿ, ಒಳಗೆ ಸದ್ದು ತಡೆಯುವ ಶಕ್ತಿಯ ರೇಟಿಂಗೇ ಇಲ್ಲ. ಆಟಕ್ಕೆ ಅದು ನಡೆಯುತ್ತೆ. ಆದರೆ ನಾಲ್ಕು ಗಂಟೆ ಎರಡು ಸ್ಟ್ರೋಕ್ ಇಂಜಿನ್ ಬೆನ್ನಿಗೆ ಕಟ್ಟಿಕೊಳ್ಳುವ ನಮಗೆ ನಡೆಯಲ್ಲ.

ನನ್ನದು ಸಕಲೇಶಪುರದ ಕಡೆ ಆರು ಎಕರೆ ಕಾಫಿ, ಮಧ್ಯೆ ಮೆಣಸು. ಮೂರು ವರ್ಷದಿಂದ ನಾನೂ, ನಮ್ಮಲ್ಲಿಗೆ ಕಳೆ ಹೊಡೆಯಲು ಬರುವ ಹುಡುಗನೂ ಎಲೆಕ್ಟ್ರಾನಿಕ್ ಮಫ್ ಹಾಕಿಕೊಂಡೇ ಕೆಲಸ ಮಾಡುವುದು. ಅವನಿಗೆ ಈಗ ಇಪ್ಪತ್ತಾರು. ಹತ್ತೊಂಬತ್ತನೇ ವಯಸ್ಸಿನಿಂದ ಗುತ್ತಿಗೆಗೆ ಯಂತ್ರ ಹಿಡಿದವನು, ಮಳೆಗಾಲದ ಮುಂಚೆ ಒಂದು ಸುತ್ತು, ಮಳೆ ಮುಗಿದ ಮೇಲೆ ಒಂದು ಸುತ್ತು, ಹತ್ತಾರು ತೋಟ. ರಾತ್ರಿ ಮಲಗಿದರೆ ಎರಡೂ ಕಿವಿಯಲ್ಲಿ ಗುಂಯ್ ಅನ್ನೋ ಸದ್ದು ನಿಲ್ಲೋದೇ ಇಲ್ಲ ಅಂತಿದ್ದ. ಹಾಸನದಲ್ಲಿ ಪರೀಕ್ಷೆ ಮಾಡಿಸಿದಾಗ ಕೀರಲು ಸದ್ದುಗಳು ಕೇಳುವ ಶಕ್ತಿ ಆಗಲೇ ಇಳಿದಿತ್ತು. ಡಾಕ್ಟರು ಹೇಳಿದ್ದು ಒಂದೇ ಮಾತು, ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋ.

ಅದು ಹಾಗೆಯೇ. ಒಳಕಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿರುತ್ತವೆ. ಅವು ಸತ್ತರೆ ಮತ್ತೆ ಹುಟ್ಟಲ್ಲ. ಯಂತ್ರದ ಸದ್ದಿನಿಂದ ಮೊದಲು ಏಟು ತಿನ್ನುವುದು 4000 ಹರ್ಟ್ಸ್ ಆಸುಪಾಸಿನ ಕೇಳುವಿಕೆ. ಹಾಗಾಗಿ ಆರಂಭದಲ್ಲಿ ‘ಕಿವುಡು’ ಅಂತ ಯಾರಿಗೂ ಅನ್ನಿಸಲ್ಲ. ಮಾತು ಕೇಳುತ್ತೆ, ಅರ್ಥ ಆಗಲ್ಲ. ಸ, ಶ, ಚ, ತ ಇಂಥ ಅಕ್ಷರಗಳು ಜಾರಿಹೋಗುತ್ತವೆ. ‘ಸಾಕು’ ಅಂದಿದ್ದು ‘ಹಾಕು’ ಅಂತ ಕೇಳಿಸುತ್ತೆ. ಮನೆಯಲ್ಲಿ ಊಟ ಬಡಿಸುವಾಗ ಅದು ನಗೆಯ ವಿಷಯ. ಸಿಲ್ವರ್ ಓಕ್ ಮರ ಕೊಯ್ಯುವಾಗ ಕೆಳಗೆ ನಿಂತವನು ‘ಸಾಕು’ ಅಂತ ಕೂಗಿದರೆ ನಗೆಯ ವಿಷಯ ಅಲ್ಲ.

ಎಷ್ಟು ಸದ್ದು ಜಾಸ್ತಿ? ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ 85 ಡೆಸಿಬೆಲ್, ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ ಆಗುತ್ತೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ. ನಮ್ಮ ದೇಶದ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬೆಲ್ ಅಂತಿದೆ, ಆದರೆ ತೋಟ ಕಾರ್ಖಾನೆ ಅಲ್ಲ, ನಮ್ಮಲ್ಲಿ ಯಾರೂ ಬಂದು ಅಳೆಯಲ್ಲ. ಪೆಟ್ರೋಲ್ ಕಳೆ ಯಂತ್ರ ಹಿಡಿದವನ ಕಿವಿಯ ಹತ್ತಿರ ಸಾಮಾನ್ಯವಾಗಿ 95ರಿಂದ 105, ಮರ ಕೊಯ್ಯುವ ಚೈನ್ ಸಾ 105ರಿಂದ 115, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ 90ರ ಮೇಲೆ ಸಲೀಸಾಗಿ ಹೋಗುತ್ತೆ. ಅಂದರೆ ಕಿವಿಗೆ ಏನೂ ಹಾಕದೆ ಕಳೆ ಹೊಡೆದರೆ, ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿಯುವುದರೊಳಗೆ ಆ ದಿನದ ಪಾಲು ಮುಗಿದಿರುತ್ತೆ.

ಫೋನಿನ ಡೆಸಿಬೆಲ್ ಆ್ಯಪ್ ನಂಬಬಹುದಾ? ಐಫೋನ್ ಇದ್ದವರಿಗೆ ನಿಯೋಶ್ ಸಂಸ್ಥೆಯದ್ದೇ ಉಚಿತ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನಿನ ಮೈಕ್ ಒಂದೊಂದು ಥರ, ಹಾಗಾಗಿ ಅದರ ಲೆಕ್ಕವನ್ನು ಅಂದಾಜು ಅಂತ ಮಾತ್ರ ಇಟ್ಟುಕೊಳ್ಳಿ. ಆ್ಯಪ್‌ಗಿಂತ ಸುಲಭದ ಗುರುತು ಇದೆ: ಯಂತ್ರ ಓಡುವಾಗ ಒಂದು ಮಾರು ದೂರದಲ್ಲಿ ನಿಂತವನ ಜೊತೆ ಗಂಟಲು ಏರಿಸದೆ ಮಾತಾಡೋಕೆ ಆಗದಿದ್ದರೆ 85 ದಾಟಿದೆ ಅಂತಲೇ ಅರ್ಥ.

ಹಾಗಾದರೆ ಮುನ್ನೂರು ನಾನೂರು ರೂಪಾಯಿಯ ಸಾದಾ ಇಯರ್‌ಮಫ್ ಸಾಲದೇ, ಎಲೆಕ್ಟ್ರಾನಿಕ್ ಯಾಕೆ? ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅದೇ ಹುಡುಗ. ಮೊದಲು ಅವನಿಗೆ ಸಾದಾ ಮಫ್ ಕೊಟ್ಟಿದ್ದೆ. ಎರಡೇ ದಿನಕ್ಕೆ ತಂದು ಜಗಲಿ ಮೇಲಿಟ್ಟ.

“ಅಣ್ಣಾ, ಇದನ್ನ ಹಾಕ್ಕೊಂಡ್ರೆ ಆನೆ ಬೆನ್ನ ಹಿಂದೆ ನಿಂತ್ರೂ ಗೊತ್ತಾಗಲ್ಲ. ಕಿವಿ ಹೋದ್ರೆ ಹೋಗ್ಲಿ, ಜೀವ ಇರ್ಲಿ.”

ಇದಕ್ಕೆ ಎದುರು ಮಾತಾಡೋದು ಕಷ್ಟ. ಸಕಲೇಶಪುರ, ಆಲೂರು, ಕೊಡಗಿನ ಕಡೆ ಇರುವವರಿಗೆ ವಿವರಿಸಬೇಕಾಗಿಲ್ಲ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತೆ, ಕೆಲವು ಕಡೆ ರಸ್ತೆ ಪಕ್ಕ ಕೆಂಪು ದೀಪ ಮಿನುಗುತ್ತೆ. ಆದರೆ ಕಳೆ ಯಂತ್ರದ ನಡುಕದಲ್ಲಿ ಜೇಬಿನ ಫೋನು ನಡುಗಿದ್ದು ತಿಳಿಯೋದೇ ಇಲ್ಲ. ಪಕ್ಕದ ತೋಟದವರ ಕೂಗು, ಬಿದಿರು ಮುರಿಯುವ ಸದ್ದು, ನಾಯಿ ಬೊಗಳುವ ಧಾಟಿ ಬದಲಾದದ್ದು, ಇದೇ ನಮ್ಮ ನಿಜವಾದ ಎಚ್ಚರಿಕೆ ಗಂಟೆ. ಸಾದಾ ಮಫ್ ಇಂಜಿನ್ ಸದ್ದಿನ ಜೊತೆ ಇವನ್ನೂ ಮುಚ್ಚಿಬಿಡುತ್ತೆ. ಹಾಗಾಗಿ ಜನ ಅದನ್ನು ತೆಗೆದು ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ. ಕುತ್ತಿಗೆಯಲ್ಲಿರುವ ಮಫ್ ಕಿವಿ ಕಾಯಲ್ಲ.

ಎಲೆಕ್ಟ್ರಾನಿಕ್ ಮಫ್‌ನಲ್ಲಿ ಎರಡು ಬಟ್ಟಲಿನ ಹೊರಗೆ ಒಂದೊಂದು ಮೈಕ್, ಒಳಗೆ ಒಂದೊಂದು ಸಣ್ಣ ಸ್ಪೀಕರ್. ಹೊರಗಿನ ಸಣ್ಣ ಸದ್ದನ್ನು ಮೈಕ್ ಹಿಡಿದು ಒಳಗೆ ಕೇಳಿಸುತ್ತೆ. ಹೊರಗೆ ಜೋರು ಸದ್ದಾದ ಕೂಡಲೇ ಸ್ಪೀಕರ್ ತನ್ನ ಸದ್ದನ್ನು ಒಂದು ಮಿತಿಗೆ, ಸಾಮಾನ್ಯವಾಗಿ 82 ಡೆಸಿಬೆಲ್ ಸುತ್ತಮುತ್ತ, ಕಟ್ಟಿಹಾಕುತ್ತೆ. ಇಲ್ಲಿ ಒಂದು ವಿಷಯ ಚೆನ್ನಾಗಿ ತಲೆಗೆ ಹಾಕ್ಕೊಳ್ಳಿ: ಎಲೆಕ್ಟ್ರಾನಿಕ್ಸ್ ಸದ್ದನ್ನು ತಡೆಯಲ್ಲ. ತಡೆಯುವುದು ಬಟ್ಟಲು, ಅದರೊಳಗಿನ ಫೋಮ್, ಕಿವಿ ಸುತ್ತ ಕೂರುವ ಮೆತ್ತೆ. ಬ್ಯಾಟರಿ ತೆಗೆದರೂ ಒಳ್ಳೆ ಮಫ್ ಅಷ್ಟೇ ತಡೆಯಬೇಕು. ಹಾಡು ಕೇಳುವ ಬ್ಲೂಟೂತ್ ಇಯರ್‌ಬಡ್‌ಗಳ ‘ನಾಯ್ಸ್ ಕ್ಯಾನ್ಸಲಿಂಗ್’ ಬೇರೆಯೇ ತಂತ್ರ. ರಕ್ಷಣೆಯ ರೇಟಿಂಗ್ ಇಲ್ಲದ ಇಯರ್‌ಬಡ್ ಹಾಕಿಕೊಂಡು ಇಂಜಿನ್ ಸದ್ದು ಮೀರುವಂತೆ ವಾಲ್ಯೂಮ್ ಏರಿಸುವುದು ಗಾಯದ ಮೇಲೆ ಉಪ್ಪು.

ಹಾಗಾಗಿ ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದ್ದು ರೇಟಿಂಗ್. ಅಮೆರಿಕದ ಮಾಲಿನಲ್ಲಿ ಎನ್‌ಆರ್‌ಆರ್, ಯುರೋಪಿನ ಮಾಲಿನಲ್ಲಿ ಎಸ್‌ಎನ್‌ಆರ್ ಅಂತ ಇರುತ್ತೆ, ಜೊತೆಗೆ ಇಎನ್ 352 ಎಂಬ ಮಾನಕದ ಸಂಖ್ಯೆ. ನಮ್ಮ ದೇಶದ ಮಾನಕ ಐಎಸ್ 9167. ಒಂದೇ ಮಫ್‌ಗೆ ಎಸ್‌ಎನ್‌ಆರ್ ಅಂಕಿ ಎನ್‌ಆರ್‌ಆರ್‌ಗಿಂತ ಕೆಲವು ಡೆಸಿಬೆಲ್ ಹೆಚ್ಚಿರುತ್ತೆ, ಆದ್ದರಿಂದ ಎರಡನ್ನೂ ಎದುರುಬದುರು ಇಟ್ಟು ಹೋಲಿಸಬೇಡಿ. ಯಾವುದೂ ಬರೆದಿಲ್ಲ, ಬರೀ ‘ಮಿಲಿಟರಿ ಗ್ರೇಡ್’ ಅಂತಿದೆ? ಅಲ್ಲೇ ಬಿಟ್ಟುಬಿಡಿ.

ಇನ್ನು ಆ ಅಂಕಿಯನ್ನು ಹಾಗೇ ಕಳೆಯುವ ಹಾಗಿಲ್ಲ. ಎನ್‌ಆರ್‌ಆರ್ 22 ಅಂದರೆ 100 ಡೆಸಿಬೆಲ್ ಸದ್ದು 78 ಆಗುತ್ತೆ ಅಂತಲ್ಲ. ಅದು ಪ್ರಯೋಗಾಲಯದ ಅಂಕಿ. ಮಫ್‌ಗೆ ಕಾಲು ಭಾಗ ಕಡಿತ ಮಾಡಿ, ನಾವು ಸಾಮಾನ್ಯವಾಗಿ ಅಳೆಯುವ ಡೆಸಿಬೆಲ್ ಮಾಪನಕ್ಕೆ ಇನ್ನೂ 7 ಕಳೆಯಿರಿ ಅಂತ ನಿಯೋಶ್ ಸೂತ್ರ. 22ರಲ್ಲಿ ಕಾಲು ಭಾಗ ಹೋದರೆ 16.5, ಅದರಲ್ಲಿ 7 ಹೋದರೆ 9.5. ಅಂದರೆ 100 ಡೆಸಿಬೆಲ್ ಕಳೆ ಯಂತ್ರ ಕಿವಿಗೆ 90.5 ಆಗಿ ತಲುಪುತ್ತೆ, ಎರಡು ಗಂಟೆ ಚಿಲ್ಲರೆ ಕೆಲಸ ಮಾಡಬಹುದು. ಎನ್‌ಆರ್‌ಆರ್ 28 ಇರುವ ಮಫ್‌ಗೆ ಇದೇ ಲೆಕ್ಕ ಹಾಕಿದರೆ 14 ಸಿಗುತ್ತೆ, ಕಿವಿಗೆ 86, ಆರು ಗಂಟೆ ನಡೆಯುತ್ತೆ. ಆರು ಡೆಸಿಬೆಲ್ ವ್ಯತ್ಯಾಸ ಅಂದರೆ ದಿನದ ಕೆಲಸದಲ್ಲಿ ನಾಲ್ಕು ಗಂಟೆ! ಹೆಸರುವಾಸಿ ಎಲೆಕ್ಟ್ರಾನಿಕ್ ಮಫ್‌ಗಳು, ಉದಾಹರಣೆಗೆ ಹೊವಾರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ 22, ವಾಕರ್ಸ್ ರೇಜರ್ 23, ಏರ್‌ಸಾಫ್ಟ್‌ನವರ ಮೆಚ್ಚಿನ ಅರ್ಮರ್ ಎಂ31 ಕೂಡ 22. ಬಂದೂಕಿನ ಹಿಡಿಗೆ ಕೆನ್ನೆ ಒತ್ತಿ ಗುರಿ ಹಿಡಿಯುವವರಿಗೆ ತೆಳು ಬಟ್ಟಲು ಬೇಕು, ಅದಕ್ಕೇ ಅವುಗಳ ರೇಟಿಂಗ್ ಕಮ್ಮಿ. ನಮ್ಮ ಕೆನ್ನೆ ಯಾವುದಕ್ಕೂ ತಾಗಬೇಕಿಲ್ಲ, ಬಟ್ಟಲು ದಪ್ಪ ಇದ್ದರೇನು? ದಪ್ಪದ್ದೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ತೆಳು ಬಟ್ಟಲಿನದ್ದು ಈಗಾಗಲೇ ಕೈಯಲ್ಲಿದ್ದರೆ, ಚೈನ್ ಸಾ ಹಿಡಿಯುವ ದಿನ ಒಳಗೆ ಫೋಮ್ ಇಯರ್‌ಪ್ಲಗ್ ಕೂಡ ಹಾಕಿ. ಎರಡರ ಅಂಕಿ ಕೂಡಿಸಬೇಡಿ. ಹೆಚ್ಚಿನದಕ್ಕೆ ಸುಮಾರು 5 ಡೆಸಿಬೆಲ್ ಸೇರುತ್ತೆ ಅಷ್ಟೆ. ಮೇಲಿನ ಮಫ್‌ನ ವಾಲ್ಯೂಮ್ ಸ್ವಲ್ಪ ಏರಿಸಿಕೊಂಡರೆ ಪ್ಲಗ್ ಇದ್ದರೂ ಮಾತು ಕೇಳುತ್ತೆ. ಪ್ಲಗ್ ಹಾಕುವ ಕ್ರಮ ಗೊತ್ತಲ್ಲ: ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯನ್ನು ತಲೆ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಎಳೆದು, ಒಳಗೆ ತಳ್ಳಿ, ಅರಳುವವರೆಗೆ ಬೆರಳು ಒತ್ತಿ ಹಿಡಿಯಬೇಕು. ಹೊರಗೆ ಅರ್ಧ ಕಾಣುತ್ತಿದ್ದರೆ ಸರಿಯಾಗಿ ಕೂತಿಲ್ಲ. ಮತ್ತೆ, ಮಣ್ಣು, ಔಷಧಿ ಮೆತ್ತಿದ ಕೈಯಲ್ಲಿ ಹೊಸೆಯಬೇಡಿ.

ರೇಟಿಂಗ್ ನಂತರ ನೋಡಬೇಕಾದ್ದು ಜೋರು ಸದ್ದು ಬಂದಾಗ ಸಾಧನ ಏನು ಮಾಡುತ್ತೆ ಅನ್ನೋದು. ಅಗ್ಗದ ಕೆಲವು ಸ್ವಿಚ್ ಆರಿಸಿದ ಹಾಗೆ ಮೈಕನ್ನೇ ಪೂರ್ತಿ ಕತ್ತರಿಸುತ್ತವೆ. ಬಂದೂಕಿನ ಒಂದು ಢಂ ಸದ್ದಿಗೆ ಅದು ಪರವಾಗಿಲ್ಲ, ಕ್ಷಣದಲ್ಲಿ ಮತ್ತೆ ಶುರುವಾಗುತ್ತೆ. ನಮ್ಮ ಇಂಜಿನ್ ಸದ್ದು ನಿಲ್ಲುವುದೇ ಇಲ್ಲವಲ್ಲ, ಹಾಗಾಗಿ ಯಂತ್ರ ಓಡುವಷ್ಟು ಹೊತ್ತೂ ಮೈಕ್ ಸತ್ತೇ ಇರುತ್ತೆ, ನೀವು ದುಡ್ಡು ಕೊಟ್ಟು ಸಾದಾ ಮಫ್ ಹಾಕಿಕೊಂಡ ಹಾಗೆ. ಸದ್ದನ್ನು ಕತ್ತರಿಸದೆ ಕುಗ್ಗಿಸುವವು ಬೇಕು. ವಿವರಣೆಯಲ್ಲಿ ‘ಕಂಪ್ರೆಷನ್’ ಅಂತ ಬರೆದಿರುತ್ತಾರೆ. ಎರಡೂ ಕಡೆ ಬೇರೆ ಬೇರೆ ಮೈಕ್ ಇದೆಯಾ ಅಂತಲೂ ನೋಡಿ. ಒಂದೇ ಮೈಕ್ ಇದ್ದರೆ ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯಲ್ಲ. ಆನೆ ವಿಷಯದಲ್ಲಿ ‘ಬಂದಿದೆ’ ಅನ್ನೋದಕ್ಕಿಂತ ‘ಯಾವ ಕಡೆ’ ಅನ್ನೋದೇ ಮುಖ್ಯ. ಎರಡು ಮೈಕ್ ಇದ್ದರೂ ಎಡ ಬಲ ತಿಳಿದಷ್ಟು ಚೆನ್ನಾಗಿ ಹಿಂದೆ ಮುಂದೆ ತಿಳಿಯಲ್ಲ, ತಲೆ ತಿರುಗಿಸಿ ಕೇಳೋದನ್ನ ರೂಢಿ ಮಾಡ್ಕೊಳ್ಳಿ.

ಆದರೆ ಬಣ್ಣ ಕಟ್ಟಿ ಹೇಳೋಕೆ ಇಷ್ಟ ಇಲ್ಲ. ಯಂತ್ರ ಪೂರ್ತಿ ಎಕ್ಸಿಲರೇಟರ್‌ನಲ್ಲಿ ಓಡುವಾಗ ಯಾವ ಮಫ್ ಹಾಕಿದರೂ ಐವತ್ತು ಅಡಿ ಆಚೆ ಕಡ್ಡಿ ಮುರಿದದ್ದು ಕೇಳಲ್ಲ, ಬರೀ ಕಿವಿಗೂ ಕೇಳಲ್ಲ. ಲಾಭ ಇರುವುದು ಇಂಜಿನ್ ಸ್ಲೋ ಮಾಡಿದಾಗ, ಹಗ್ಗ ಬದಲಿಸುವಾಗ, ಪೆಟ್ರೋಲ್ ಹಾಕುವಾಗ. ಮಫ್ ತೆಗೆಯದೆಯೇ ಸುತ್ತಲಿನದೆಲ್ಲ ಕೇಳುತ್ತೆ. ನಾವು ಮಾಡಿಕೊಂಡ ಏರ್ಪಾಡು ಇದು: ಹತ್ತು ನಿಮಿಷಕ್ಕೊಮ್ಮೆ ಇಂಜಿನ್ ಸ್ಲೋ ಮಾಡಿ ಅರ್ಧ ನಿಮಿಷ ಕಿವಿ ಕೊಡುವುದು. ಆನೆ ಹತ್ತಿರ ಇದೆ ಅಂತ ಸುದ್ದಿ ಇದ್ದ ದಿನ ಯಂತ್ರ ಎತ್ತುವುದೇ ಇಲ್ಲ. ಇಬ್ಬರು ಕೆಲಸ ಮಾಡುವಾಗ ಒಬ್ಬನ ಕುತ್ತಿಗೆಯಲ್ಲಿ ಸೀಟಿ. ಕಂಪ್ರೆಷನ್ ಇರುವ ಮಫ್‌ನಲ್ಲಿ ಸೀಟಿ ಇಂಜಿನ್ ಸದ್ದಿನ ಮಧ್ಯೆಯೂ ತೂರಿಬರುತ್ತೆ, ನಾವು ಪರೀಕ್ಷೆ ಮಾಡಿಯೇ ಒಪ್ಪಿಕೊಂಡದ್ದು. ಇಂಜಿನ್ ಓಡುವಾಗ ವಾಲ್ಯೂಮ್ ಕಮ್ಮಿ ಇಡಿ, ಸ್ಪೀಕರಿನ 82 ಡೆಸಿಬೆಲ್ಲೂ ಒಳಗೆ ಸೋರಿ ಬಂದ ಸದ್ದಿಗೆ ಸೇರಿಕೊಳ್ಳುತ್ತೆ.

ಮಾಲು ಕೈಗೆ ಬಂದ ದಿನವೇ ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ ಪರೀಕ್ಷೆ ಮಾಡಿ. ಸ್ವಿಚ್ ಹಾಕದೆ ಮಫ್ ಹಾಕಿಕೊಳ್ಳಿ. ನಿಮ್ಮದೇ ಮಾತು ಕೊಡಪಾನದೊಳಗೆ ಮಾತಾಡಿದ ಹಾಗೆ ಗುಂಭವಾಗಿ ಕೇಳಿದರೆ ಮೆತ್ತೆ ಸರಿಯಾಗಿ ಕೂತಿದೆ. ಬೇರೆಯವರಿಗೆ ಸ್ವಲ್ಪ ದೂರದಲ್ಲಿ ಯಂತ್ರ ಓಡಿಸಲು ಹೇಳಿ, ಎರಡೂ ಅಂಗೈಯಿಂದ ಬಟ್ಟಲನ್ನು ತಲೆಗೆ ಒತ್ತಿ. ಒತ್ತಿದಾಗ ಸದ್ದು ಥಟ್ಟನೆ ಇಳಿದರೆ, ಒತ್ತದೇ ಇದ್ದಾಗ ಸೋರುತ್ತಿದೆ ಅಂತ ಲೆಕ್ಕ.

ಸೋರಲು ನಮ್ಮಲ್ಲಿ ಮೂರು ಮುಖ್ಯ ಕಾರಣ. ಒಂದು, ತಲೆಗೆ ಸುತ್ತಿದ ಟವೆಲ್ ಮೇಲೆ ಮಫ್ ಏರಿಸುವುದು. ಟವೆಲ್ ಕಿವಿಯಿಂದ ಮೇಲಿರಲಿ, ಇಲ್ಲವೇ ಹಾಳೆ ಟೋಪಿ ಹಾಕಿ. ಮಳೆ ಕೋಟಿನ ಟೋಪಿಯನ್ನೂ ಮಫ್‌ನ ಮೇಲೆ ಎಳೆದುಕೊಳ್ಳಿ, ಅಡಿಯಲ್ಲಿ ಅಲ್ಲ. ಇನ್ನೊಂದು, ಕನ್ನಡಕದ ದಪ್ಪ ಕಡ್ಡಿ. ಕಲ್ಲು ಸಿಡಿಯುವ ಕೆಲಸಕ್ಕೆ ಕಣ್ಣಿನ ರಕ್ಷಣೆ ಬಿಡೋ ಹಾಗಿಲ್ಲ, ಆದ್ದರಿಂದ ತೆಳು ಕಡ್ಡಿಯ ಕನ್ನಡಕ ಅಥವಾ ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ನೋಡಿ. ಮತ್ತೆ ಉದ್ದ ಕೂದಲು, ಕಿವಿಯೋಲೆ. ಅಡಿಕೆ ಸುಲಿಯುವ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಕ್ಕಳಿಗೆ ಮಫ್‌ಗಿಂತ ಫೋಮ್ ಪ್ಲಗ್ಗೇ ವಾಸಿ. ಅವರ ಕಿವಿಗೆ ಯಾರೂ ಏನೂ ಕೊಡದಿರುವುದನ್ನು ನೋಡಿದರೆ ಬೇಜಾರಾಗುತ್ತೆ, ಒಂದು ಜೊತೆಗೆ ಹತ್ತಿಪ್ಪತ್ತು ರೂಪಾಯಿಯ ವಿಷಯ ಅದು.

ಮಳೆನಾಡಿನ ತೇವ ಎಲೆಕ್ಟ್ರಾನಿಕ್ಸ್‌ಗೆ ಶತ್ರು. ಒಳಗೇ ಕೂತ ಚಾರ್ಜ್ ಬ್ಯಾಟರಿಗಿಂತ ಎಎಎ ಸೆಲ್ ಹಾಕುವಂಥದ್ದನ್ನು ನಾನು ಇಷ್ಟಪಡುತ್ತೇನೆ, ಊರಿನ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತೆ, ಕರೆಂಟ್ ಇಲ್ಲದ ವಾರದಲ್ಲೂ ನಡೆಯುತ್ತೆ. ಇಂಪ್ಯಾಕ್ಟ್ ಸ್ಪೋರ್ಟ್‌ನಂಥವು ನಾಲ್ಕು ಗಂಟೆ ಬಳಿಕ ತಾವಾಗಿಯೇ ಆಫ್ ಆಗುತ್ತವೆ, ಇದು ಒಳ್ಳೆಯದು. ಕೆಲಸದ ಸುತ್ತು ಮುಗಿದ ಮೇಲೆ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಒಳಗಿನ ಪತ್ತಿ ಹಸಿರಾಗುತ್ತೆ. ಮೈಕಿನ ಮೇಲೆ ಸಣ್ಣ ಸ್ಪಂಜು ಹೊದಿಕೆ ಇದೆಯಾ ನೋಡಿ, ಇಲ್ಲದಿದ್ದರೆ ಗಾಳಿ ಬೀಸಿದಾಗ ಬರೀ ಬುಸ್ ಬುಸ್. ಬೆವರಿಗೆ ಮೆತ್ತೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ದಿನವೂ ಬಳಸುವವರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಬಿಡಿ ಮೆತ್ತೆ ಮಾರುಕಟ್ಟೆಯಲ್ಲಿ ಸಿಗದ ಮಫ್ ಎಷ್ಟು ಅಗ್ಗವಾದರೂ ಬೇಡ.

ಬೆಲೆ ಹೇಳುವುದಾದರೆ ನಂಬಬಹುದಾದ ಎಲೆಕ್ಟ್ರಾನಿಕ್ ಮಫ್ ಹಲವು ಸಾವಿರ ಬೀಳುತ್ತೆ, ಬ್ಲೂಟೂತ್ ಸೇರಿದರೆ ಹತ್ತು ಸಾವಿರ ದಾಟುವುದೂ ಇದೆ. ವರ್ಷಕ್ಕೆ ನಾಲ್ಕೈದು ದಿನ ಮಾತ್ರ, ಆನೆ ಹಂದಿ ಭಯ ಇಲ್ಲದ ಬಯಲಿನಲ್ಲಿ ಟಿಲ್ಲರ್ ಹೊಡೆಯುವವರು ಇಷ್ಟು ಖರ್ಚು ಮಾಡಬೇಕಿಲ್ಲ, ಎನ್‌ಆರ್‌ಆರ್ ಜಾಸ್ತಿ ಇರುವ ಸಾದಾ ಮಫ್ ಸಾಕು. ಗುತ್ತಿಗೆಗೆ ಯಂತ್ರ ಹಿಡಿಯುವವರಿಗೆ, ಕಾಡಂಚಿನ ತೋಟದವರಿಗೆ ಇದು ಬ್ಲೇಡು, ಆಯಿಲ್‌ನಷ್ಟೇ ಸಹಜ ಖರ್ಚಾಗಬೇಕು. ಕೆಲಸಕ್ಕೆ ಕರೆಯುವ ತೋಟದ ಮಾಲೀಕರು ಅರ್ಧ ಹಾಕಿದರೆ ಏನೂ ಮುಳುಗಲ್ಲ. ನಾನು ಹುಡುಗನದ್ದಕ್ಕೆ ಪೂರ್ತಿ ಹಾಕಿದೆ, ಅವನು ನಮ್ಮಲ್ಲಿ ಹೊಡೆಯುವಷ್ಟೇ ದಿನ ಬೇರೆಯವರಲ್ಲೂ ಅದನ್ನೇ ಹಾಕಿ ಹೊಡೆಯುತ್ತಾನೆ.

ಮಂಗ ಓಡಿಸಲು ಪೈಪಿನ ಕಾರ್ಬೈಡ್ ಗನ್ ಹಿಡಿಯುವವರಿಗೆ ಒಂದು ಮಾತು. ಬಂದೂಕಿನ ಮಾದರಿಯ ಒಂದೇ ಏಟಿನ ಸದ್ದಿಗೆ ಗಂಟೆಗಳ ಲೆಕ್ಕವೇ ಇಲ್ಲ, 140 ಡೆಸಿಬೆಲ್ ದಾಟಿದರೆ ಒಂದು ಸಲವೇ ಸಾಕು. ಅಲ್ಲಿ ಎಲೆಕ್ಟ್ರಾನಿಕ್ ಮಫ್ ತನ್ನ ಹುಟ್ಟಿದ ಕೆಲಸವನ್ನೇ ಮಾಡುತ್ತೆ. ಆದರೆ ಆ ಪೈಪ್ ಕಿವಿಗಿಂತ ಮೊದಲು ಕಣ್ಣು ಕೇಳುತ್ತೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣಿಗೆ ಏಟಾಗಿದ್ದು ಇದೇ ಕಾರ್ಬೈಡ್ ಗನ್‌ನಿಂದ. ಅದನ್ನು ಬಿಟ್ಟು ಬೇರೆ ದಾರಿ ನೋಡಿ.

ಈಗಾಗಲೇ ಕಿವಿಯಲ್ಲಿ ಗುಂಯ್‌ಗುಡುವವರು, ಟಿವಿ ಸದ್ದು ಜಾಸ್ತಿ ಅಂತ ಮನೆಯವರಿಂದ ಬೈಸಿಕೊಳ್ಳುವವರು ಮಫ್ ಕೊಳ್ಳುವ ಮುಂಚೆ ಒಮ್ಮೆ ಆಡಿಯೋಮೆಟ್ರಿ ಮಾಡಿಸಿ. ಜಿಲ್ಲಾಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿಯ ಪರೀಕ್ಷೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಯಂತ್ರ ಮುಟ್ಟಬೇಡಿ, ಜೋರು ಸದ್ದು ಕೇಳಿದ ಕಿವಿ ಕೆಲವು ಗಂಟೆ ಮಂಕಾಗಿರುತ್ತೆ, ಗ್ರಾಫ್ ಸರಿಯಾಗಿ ಬರಲ್ಲ. ಆ ಗ್ರಾಫ್ ಕಾಗದವನ್ನು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ, ಮುಂದಿನ ವರ್ಷ ಮತ್ತೆ ಮಾಡಿಸಿದಾಗ ಪಕ್ಕಪಕ್ಕ ಇಟ್ಟು ನೋಡಬಹುದು.